ಮಳೆಗಾಲಕ್ಕೊಂದು ಸೂರು

ಮಳೆ ಹಿಡಿದ ಬೆಳಗಿನಲ್ಲಿ ಮನುಷ್ಯನಿಗೆ ಬೇಕಾಗುವುದು ಬಹಳ ಕಡಿಮೆ. ತಲೆಯ ಮೇಲೆ ಸೋರದ ಸೂರು, ಒಲೆಯಲ್ಲಿ ಒಂದಿಷ್ಟು ಬೆಂಕಿ, ಹೊಟ್ಟೆಗೆ ಬಿಸಿಯಾದದ್ದು ಏನಾದರೂ. ಮುಂಡಗೋಡ ಸೀಮೆಯ ಚಿಗಳ್ಳಿ, ಪಾಳಾ, ಮಳಗಿಯ ಕಡೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಪಡುವಣಕ್ಕೆ ಘಟ್ಟದ ಕಾಡು, ಮೂಡಣಕ್ಕೆ ಹುಬ್ಬಳ್ಳಿ, ಹಾನಗಲ್ಲಿನ ಬಯಲು. ನಡುವಿನ ಈ ಅರೆಮಲೆನಾಡಿನಲ್ಲಿ ಆಷಾಢ ಬಂತೆಂದರೆ ಭತ್ತದ ಗದ್ದೆಯಲ್ಲಿ ನೀರು ನಿಲ್ಲುತ್ತದೆ, ಗೋವಿನಜೋಳದ ಹೊಲ ಹಸಿರೇರುತ್ತದೆ, ದಾರಿಗಳು ಕೆಸರಾಗುತ್ತವೆ. ಆಗ ಮನೆ ಇದ್ದವರು ಮನೆಯೊಳಗೆ ಸೇರುತ್ತಾರೆ. ಮನೆ ಇಲ್ಲದವರು ಎಲ್ಲಿಗೆ ಹೋಗುತ್ತಾರೆ ಎಂಬ ಪ್ರಶ್ನೆ ಆ ದಿನಗಳಲ್ಲಿ ಒಂದಲ್ಲ ಒಂದು ಹೊತ್ತು ಮನಸ್ಸಿಗೆ ಬಂದೇ ಬರುತ್ತದೆ.

ಎರಡೂವರೆ ಸಾವಿರ ವರ್ಷಗಳ ಹಿಂದೆ ಬುದ್ಧನ ಮುಂದೆಯೂ ಈ ಪ್ರಶ್ನೆ ಬಂದಿತ್ತು. ಅವನ ಭಿಕ್ಷುಗಳು ಮನೆ ಬಿಟ್ಟವರು, ಊರಿಂದೂರಿಗೆ ನಡೆಯುತ್ತಲೇ ಇರಬೇಕಾದವರು. ಮಳೆಗಾಲದಲ್ಲೂ ಅವರು ನಡೆಯುತ್ತಿದ್ದಾಗ ಜನ ಬೇಸರಪಟ್ಟರು ಎಂದು ಬೌದ್ಧ ವಿನಯಗ್ರಂಥ ಹೇಳುತ್ತದೆ. ಇವರು ಎಳೆಯ ಹುಲ್ಲು ತುಳಿಯುತ್ತಾರೆ, ಮಣ್ಣಿನಿಂದ ಮೇಲೆದ್ದ ಸಣ್ಣಸಣ್ಣ ಜೀವಗಳನ್ನು ಕಾಲಡಿ ಹಾಕುತ್ತಾರೆ, ಹಕ್ಕಿಗಳು ಕೂಡ ಮಳೆಗಾಲಕ್ಕೊಂದು ಗೂಡು ಕಟ್ಟಿಕೊಳ್ಳುತ್ತವೆ, ಇವರಿಗೇಕೆ ಆಗದು ಎಂದು. ಬುದ್ಧ ಆ ಮಾತನ್ನು ಕೇಳಿದ. ಮಳೆಗಾಲದ ಮೂರು ತಿಂಗಳು ಭಿಕ್ಷುಗಳು ಒಂದೇ ಕಡೆ ನಿಲ್ಲಬೇಕೆಂದು ನಿಯಮ ಮಾಡಿದ. ಅದೇ ವರ್ಷಾವಾಸ. ನಮ್ಮ ಮಠಗಳ ಸ್ವಾಮಿಗಳು ಚಾತುರ್ಮಾಸ್ಯ ಕೂರುವುದು, ಜೈನ ಮುನಿಗಳು ಮಳೆಗಾಲದಲ್ಲಿ ವಿಹಾರ ನಿಲ್ಲಿಸುವುದು, ಎಲ್ಲದರ ಹಿಂದೆ ಇರುವುದು ಇದೇ ದಯೆ. ಮಳೆಗಾಲ ಹುಟ್ಟುವ ಕಾಲ, ಹುಟ್ಟುತ್ತಿರುವುದನ್ನು ತುಳಿಯಬಾರದು.

ಒಂದೇ ಕಡೆ ನಿಲ್ಲುವುದೆಂದರೆ ನಿಲ್ಲಲು ಜಾಗ ಬೇಕು. ಬಿದಿರು, ಮಣ್ಣು, ಹುಲ್ಲಿನ ಗುಡಿಸಲುಗಳ ಜೊತೆಗೆ ಬಂಡೆಯ ಗುಹೆಗಳೂ ಈ ಅಗತ್ಯಕ್ಕೆ ಒದಗಿದವು. ಮೊದಲು ಬೆಟ್ಟದ ಸಹಜ ಗವಿಗಳು, ಮುಂದೆ ಉಳಿ ಸುತ್ತಿಗೆಯಿಂದ ಕೊರೆದ ಗುಹೆಗಳು. ಅವುಗಳಲ್ಲಿ ಹೆಚ್ಚಿನವು ನೀರಿನ ಆಸರೆ ಇರುವಲ್ಲಿ, ಊರಿಗೂ ವ್ಯಾಪಾರದ ದಾರಿಗೂ ತೀರ ದೂರವಲ್ಲದ ಕಡೆ ಇವೆ. ಕುಡಿಯಲು ನೀರು ಬೇಕು, ಭಿಕ್ಷೆಗೆ ಊರು ಬೇಕು, ಕೂರಲು ಮೌನ ಬೇಕು. ಈ ಮೂರೂ ಕೂಡುವ ಜಾಗವನ್ನು ಆ ಕಾಲದವರು ಹುಡುಕಿ ಹುಡುಕಿ ಆರಿಸಿದರು.

ಕನ್ನಡ ನಾಡಿನಲ್ಲಿ ಅಂಥದೊಂದು ಜಾಗ ಮಲಪ್ರಭೆಯ ದಂಡೆಯ ಐಹೊಳೆಯಲ್ಲಿದೆ. ಮುಂಡಗೋಡದಿಂದ ಹುಬ್ಬಳ್ಳಿ, ನರಗುಂದ, ಕೊಣ್ಣೂರು ದಾಟಿ ಕುಳಗೇರಿ ಕ್ರಾಸಿನಲ್ಲಿ ಬಾದಾಮಿಯ ಕಡೆ ತಿರುಗಬೇಕು. ಕೊಣ್ಣೂರಿನ ಬಳಿ ರಸ್ತೆ ಮಲಪ್ರಭೆಯನ್ನು ದಾಟುತ್ತದೆ. ನಮ್ಮ ಘಟ್ಟದ ಬೆನ್ನಿನಲ್ಲೇ, ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ನದಿ ಅಲ್ಲಿಗೆ ಬರುವ ಹೊತ್ತಿಗೆ ಕಪ್ಪು ಮಣ್ಣಿನ ಹೊಲಗಳ ನಡುವೆ ನಿಧಾನವಾಗಿ ಹರಿಯುವ ಬಯಲು ನದಿಯಾಗಿರುತ್ತದೆ. ಮುಂದೆ ಪಟ್ಟದಕಲ್ಲು, ಐಹೊಳೆಗಳನ್ನು ಮುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ.

ಐಹೊಳೆಗೆ ಹೋದವರು ದುರ್ಗ ದೇವಾಲಯ ನೋಡುತ್ತಾರೆ, ಲಾಡ್‌ಖಾನ್ ಗುಡಿ ನೋಡುತ್ತಾರೆ, ಕಾಲಿಗೆ ಬಲವಿದ್ದರೆ ಮೇಗುತಿ ಗುಡ್ಡ ಹತ್ತುತ್ತಾರೆ. ಗುಡ್ಡದ ನೆತ್ತಿಯಲ್ಲಿರುವುದು ಜೈನ ಬಸದಿ. ಇಮ್ಮಡಿ ಪುಲಕೇಶಿಯ ಕವಿ ರವಿಕೀರ್ತಿ 634ರಲ್ಲಿ ಬರೆಸಿದ ಶಾಸನ ಅದರ ಗೋಡೆಯಲ್ಲಿದೆ. ಎಲ್ಲರ ನಡಿಗೆ ಆ ಶಾಸನದತ್ತ. ಅದಕ್ಕೆ ಕೆಲವೇ ಮೆಟ್ಟಿಲು ಕೆಳಗೆ, ಗುಡ್ಡದ ಮೈಗೆ ಬೆನ್ನು ಹಚ್ಚಿ ಕೂತ ಎರಡಂತಸ್ತಿನ ಒಂದು ಗುಡಿಯಿದೆ. ಮುಂಭಾಗ ಕಟ್ಟಿದ್ದು, ಹಿಂಭಾಗ ಬಂಡೆಯಲ್ಲಿ ಕೊರೆದದ್ದು. ಅದೇ ಐಹೊಳೆಯ ಬೌದ್ಧ ಚೈತ್ಯ. ಬಸದಿಗಿಂತ ಹಳೆಯದು, ಆರನೆಯ ಶತಮಾನದ ಕೊನೆಯ ಭಾಗದ್ದೆಂದು ತಿಳಿದವರು ಹೇಳುತ್ತಾರೆ.

ಬಿಸಿಲು ಏರುವ ಮುನ್ನ ಅಲ್ಲಿ ಒಂದಿಷ್ಟು ಹೊತ್ತು ಕೂರುವುದು ಒಳ್ಳೆಯದು. ಎರಡೂ ಅಂತಸ್ತಿನ ಮುಂದೆ ಚೌಕ ಕಂಬಗಳ ಮೊಗಸಾಲೆ. ಮೊಗಸಾಲೆಯ ಹಿಂದೆ ಗುಡ್ಡದೊಳಕ್ಕೆ ಸರಿದುಹೋದ ಚಿಕ್ಕ ಕೋಣೆಗಳು. ಕೆಳಗಿನ ಕೋಣೆಯ ಬಾಗಿಲವಾಡಕ್ಕೆ ಶಿಲ್ಪಿ ತನ್ನ ಕೈಚಳಕವನ್ನೆಲ್ಲ ಧಾರೆ ಎರೆದಿದ್ದಾನೆ. ಮೇಲಿನ ಮೊಗಸಾಲೆಯಲ್ಲಿ ತಲೆಯೆತ್ತಿ ನೋಡಿದರೆ ನಡುವಣ ಅಂಕಣದಲ್ಲಿ ಕೊಡೆಯ ಕೆಳಗೆ ಕುಳಿತ ಬುದ್ಧ. ಗುಡಿಯ ಮುಂದೆ ಇನ್ನೊಂದು ಬುದ್ಧವಿಗ್ರಹವಿದೆ. ಅದಕ್ಕೆ ತಲೆಯಿಲ್ಲ. ಬಹುಶಃ ಒಳಗಿದ್ದುದನ್ನೇ ಹೊರಗೆ ತಂದಿಟ್ಟಿರಬೇಕು. ಮುಖವಿಲ್ಲದ ಆ ಮೂರ್ತಿಯ ಎದುರು ನಿಂತಾಗ ಕಣ್ಣು ಮೊದಲು ತಬ್ಬಿಬ್ಬಾಗುತ್ತದೆ. ದೇವರ ಮುಖ ನೋಡಿಯೇ ಕೈ ಮುಗಿದು ರೂಢಿಯಾದವರು ನಾವು. ಕ್ರಮೇಣ ನೋಟ ಕೆಳಗಿಳಿಯುತ್ತದೆ, ಆ ಕುಳಿತ ಭಂಗಿಯ ಮೇಲೆ ನಿಲ್ಲುತ್ತದೆ. ತಲೆ ಹೋದರೂ ಕುಳಿತವನು ಎದ್ದಿಲ್ಲ. ಸ್ಥಿರವಾಗಿ ಕೂರುವುದೆಂದರೆ ಹೇಗೆಂದು ಆ ಕಲ್ಲು ಹೇಳುತ್ತದೆ.

ಅಲ್ಲಿ ಆಡು ಮೇಯಿಸುತ್ತಿದ್ದ ಹಿರಿಯರೊಬ್ಬರು ಮಾತಿಗೆ ಸಿಕ್ಕಿದ್ದರು. ಕೋಲನ್ನು ಗೋಡೆಗೆ ಆನಿಸಿ, ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ, “ಯಾವ ಊರಿನವ್ರಿ ತಾವು?” ಎಂದರು.

“ಮುಂಡಗೋಡ ಹತ್ರ ಚಿಗಳ್ಳಿ, ಅಜ್ಜಾರ.”

“ಮುಂಡಗೋಡ ಅಂದ್ರ, ಚಳಿಗಾಲದಾಗ ಸ್ವೆಟರ್ ಮಾರಾಕ ಬರ್ತಾರಲ್ರಿ, ಆ ಮಂದಿ ಇರೋ ಊರಲ್ರಿ?”

“ಹೌದ್ರಿ, ಟಿಬೆಟಿನವರ ಊರು.”

ಅವರು ತಲೆಯಿಲ್ಲದ ಮೂರ್ತಿಯ ಕಡೆ ಕೈ ಮಾಡಿದರು. “ಇವ ಅವರ ದೇವರ ಅಲ್ರಿ? ಒಮ್ಮೊಮ್ಮೆ ಕೆಂಪ ಅರಬಿ ಹಾಕ್ಕೊಂಡವ್ರು ಬರ್ತಾರ್ರಿ. ಏನೂ ಮಾತಾಡಂಗಿಲ್ಲ. ಒಂದೀಟು ಹೊತ್ತು ಕುಂತು ಹೋಗ್ತಾರ.” ಆಮೇಲೆ ಮೊಗಸಾಲೆಯನ್ನು ತೋರಿಸಿ ಹೇಳಿದರು: “ಮಳಿ ಬಂತಂದ್ರ ನಾವೂ ಇಲ್ಲೇ ನಿಂದ್ರೂದ್ರಿ. ನಮಗೂ ಇದ ನೆಳ್ಳು, ಆಡಿಗೂ ಇದ ನೆಳ್ಳು.”

ಆ ಮಾತಿನಲ್ಲಿ ಆ ಚೈತ್ಯದ ಕಥೆಯೆಲ್ಲ ಇತ್ತು. ಭಿಕ್ಷುಗಳು ಹೋಗಿ ಎಷ್ಟೋ ಶತಮಾನ ಆಯಿತು. ಅಲ್ಲಿ ದೀಪ ಹಚ್ಚುವವರಿಲ್ಲ, ಹೂ ಏರಿಸುವವರಿಲ್ಲ. ಮೂರ್ತಿಯ ತಲೆ ಎಲ್ಲೋ ಮಣ್ಣುಪಾಲಾಗಿದೆ. ಆದರೆ ಯಾವ ಕೆಲಸಕ್ಕೆಂದು ಆ ಬಂಡೆಯನ್ನು ಕೊರೆದರೋ ಆ ಕೆಲಸ ನಿಂತಿಲ್ಲ. ಮಳೆ ಬಂದಾಗ ಬಂದವರನ್ನು ಅದು ಒಳಗೆ ಕರೆದುಕೊಳ್ಳುತ್ತಿದೆ. ನೀನು ಯಾರು ಎಂದು ಕೇಳುತ್ತಿಲ್ಲ.

ಐಹೊಳೆಯ ಆ ಗುಹೆಯನ್ನು ಕೊರೆಸಿದವರು ಯಾರು? ಒಬ್ಬ ಅರಸನೋ, ಐಹೊಳೆಯಂಥ ವರ್ತಕರ ಊರಿನ ಸೆಟ್ಟಿಗಳೋ, ನಾಕು ಮನೆಯವರು ಕೂಡಿಯೋ? ಅಂಥ ಕೆಲಸ ಹೇಗೆ ನಡೆಯುತ್ತಿತ್ತೆಂದು ತಿಳಿಯಲು ಇನ್ನೊಂದು ಗುಹೆಗೆ ಹೋಗಬೇಕು. ಪುಣೆಯಿಂದ ಮುಂಬೈಗೆ ಹೋಗುವ ದಾರಿಯಲ್ಲಿ, ಲೋಣಾವಳದ ಹತ್ತಿರ, ಇಂದ್ರಾಯಣಿ ನದಿಯ ಕಣಿವೆಯ ಮೇಲೆ ಕಾರ್ಲೆ ಎಂಬಲ್ಲಿ ಮಹಾಚೈತ್ಯವೊಂದಿದೆ. ಕ್ರಿಸ್ತಶಕದ ಮೊದಲ ಶತಮಾನದ ಹೊತ್ತಿನದು. ಒಳಗೆ ನಿಂತರೆ ಎರಡೂ ಬದಿಗೆ ಸಾಲುಗಂಬಗಳು, ಎದುರಿಗೆ ಸ್ತೂಪ, ನೆತ್ತಿಯ ಮೇಲೆ ಕಮಾನಿನ ಮಾಡಿಗೆ ಆ ಕಾಲದಲ್ಲೇ ಜೋಡಿಸಿದ ಮರದ ಪಕ್ಕೆಗಳು. ಸುಮಾರು ಎರಡು ಸಾವಿರ ಮಳೆಗಾಲ ಕಂಡ ಮರ.

ಆ ಗುಹೆಯ ಗೋಡೆ ಕಂಬಗಳ ಮೇಲೆ ಕೊಟ್ಟವರ ಹೆಸರುಗಳಿವೆ. ಒಂದು ಕಂಬ ಒಬ್ಬನದು, ಇನ್ನೊಂದು ಇನ್ನೊಬ್ಬನದು. ಧೇನುಕಾಕಟ ಎಂಬ ಊರಿನ ಯವನರು, ಎಂದರೆ ಹೊರದೇಶದ ಮೂಲದವರು, ಅಲ್ಲಿ ಕಂಬ ಕೊಟ್ಟಿದ್ದಾರೆ. ಬಾಗಿಲು ಮಾಡಿಕೊಟ್ಟ ಬಡಗಿಯೊಬ್ಬನ ಹೆಸರೂ ಉಳಿದಿದೆ. ಇಡೀ ಶಿಲಾಮಂದಿರವನ್ನು ಪೂರ್ತಿಗೊಳಿಸಿದವನು ತಾನೆಂದು ಹೇಳಿಕೊಂಡವನು ವೈಜಯಂತಿಯ ಶ್ರೇಷ್ಠಿ ಭೂತಪಾಲ. ಜಂಬೂದ್ವೀಪದಲ್ಲೇ ಇದರಷ್ಟು ಉತ್ತಮವಾದದ್ದಿಲ್ಲ ಎಂಬ ಅಭಿಮಾನ ಅವನ ಶಾಸನದಲ್ಲಿದೆ. ಆ ವೈಜಯಂತಿಯನ್ನು ವಿದ್ವಾಂಸರು ನಮ್ಮ ಬನವಾಸಿ ಎಂದು ಗುರುತಿಸುತ್ತಾರೆ. ನಮ್ಮ ಸೀಮೆಯ ಮಗ್ಗುಲಿನ ವರದಾ ದಂಡೆಯ ಊರಿನ ಒಬ್ಬ ವರ್ತಕ, ಘಟ್ಟಗಳ ಸಾಲು ಹಿಡಿದು ಅಷ್ಟು ದೂರ ಹೋಗಿ, ತನ್ನ ಗಳಿಕೆಯನ್ನು ತನಗೆ ಪರಿಚಯವೇ ಇಲ್ಲದ ಭಿಕ್ಷುಗಳ ಮಳೆಗಾಲಕ್ಕೆ ಕೊಟ್ಟ. ಅದನ್ನು ನೆನೆದರೆ ಹೆಮ್ಮೆಗಿಂತ ಹೆಚ್ಚಾಗಿ ಹೊಣೆ ಅನ್ನಿಸುತ್ತದೆ.

ಕಾರ್ಲೆಯಲ್ಲಿ ಇನ್ನೊಂದು ಶಾಸನವಿದೆ. ಆಗ ಆ ಸೀಮೆಯನ್ನು ಆಳುತ್ತಿದ್ದ ಕ್ಷತ್ರಪ ನಹಪಾನನ ಅಳಿಯ ಉಷವದಾತ ಆ ಗುಹೆಗಳಲ್ಲಿ ಮಳೆಗಾಲ ಕಳೆಯುವ ವಿರಕ್ತರ ಪೋಷಣೆಗೆಂದು ಕರಜಿಕ ಎಂಬ ಹಳ್ಳಿಯನ್ನು ಬಿಟ್ಟುಕೊಟ್ಟ. ಆ ದಾನ ಯಾವ ಪಂಥದವರು, ಯಾವ ಕಡೆಯವರು ಎಂಬ ಭೇದವಿಲ್ಲದೆ ಅಲ್ಲಿ ವರ್ಷಾವಾಸ ಮಾಡುವ ಎಲ್ಲರಿಗೂ ಸಲ್ಲುತ್ತದೆಂದು ಅದರಲ್ಲಿ ಬರೆದಿದೆ. ಮುಂದೆ ಯುದ್ಧವಾಯಿತು. ಶಾತವಾಹನ ಅರಸ ಗೌತಮೀಪುತ್ರ ಶಾತಕರ್ಣಿ ನಹಪಾನನನ್ನು ಸೋಲಿಸಿದ. ನಾಡು ಶಾತವಾಹನರ ಕೈಗೆ ಬಂತು. ಗೆದ್ದವರು ಸೋತವರ ಕುರುಹು ಅಳಿಸುವುದು ಲೋಕದ ರೂಢಿ. ಇಲ್ಲಿ ಹಾಗಾಗಲಿಲ್ಲ. ಅದೇ ಹಳ್ಳಿಯನ್ನು ಅದೇ ಭಿಕ್ಷುಗಳಿಗೆ ಶಾತವಾಹನರು ಮತ್ತೆ ಕೊಟ್ಟರು. ರಾಜ್ಯ ಕೈ ಬದಲಾಯಿಸಿತು, ಗುಹೆಯಲ್ಲಿದ್ದವರ ಊಟ ತಪ್ಪಲಿಲ್ಲ. ಒಂದು ಆಳ್ವಿಕೆಯನ್ನು ಅಳೆಯಲು ಇದಕ್ಕಿಂತ ದೊಡ್ಡ ಅಳತೆ ಬೇಕಿಲ್ಲ.

ಬನವಾಸಿಗೆ ಮರಳಿ ಬರೋಣ. ಮಧುಕೇಶ್ವರ ದೇವಾಲಯದಲ್ಲಿ ಐದು ಹೆಡೆಯ ನಾಗನ ಕಲ್ಲೊಂದಿದೆ. ಹಬ್ಬ ಹುಣ್ಣಿಮೆಗೆ ಬಂದ ಭಕ್ತರು ಅದಕ್ಕೂ ಕೈ ಮುಗಿದು ಮುಂದೆ ಹೋಗುತ್ತಾರೆ. ಕಲ್ಲಿನ ಅಂಚಿನಲ್ಲಿ ಪ್ರಾಕೃತ ಭಾಷೆಯ, ಬ್ರಾಹ್ಮೀ ಅಕ್ಷರದ ಬರಹವಿದೆ. ಚುಟು ವಂಶದ ಅರಸನ ಕಾಲದ್ದು, ಕದಂಬರಿಗಿಂತ ಹಿಂದಿನದು. ಅರಸನ ಮಗಳು ಶಿವಸ್ಕಂದನಾಗಶ್ರೀ ಮೂರನ್ನು ಕೊಟ್ಟಳೆಂದು ಆ ಬರಹ ಹೇಳುತ್ತದೆ: ಈ ನಾಗ, ಒಂದು ಕೆರೆ, ಒಂದು ವಿಹಾರ. ಕಲ್ಲು ಕಂಡರಿಸಿದ ನಟಕ ಎಂಬ ಶಿಲ್ಪಿಯ ಹೆಸರೂ ಅಲ್ಲಿದೆ. ಆಕೆ ಆರಿಸಿಕೊಂಡ ಮೂರನ್ನು ಗಮನಿಸಬೇಕು. ನಂಬುವವರಿಗೆ ನಾಗ, ಬಾಯಾರಿದವರಿಗೆ ನೀರು, ಮನೆಯಿಲ್ಲದವರಿಗೆ ನೆಲೆ. ಒಂದು ಊರು ಊರಾಗಲು ಇದಕ್ಕಿಂತ ಹೆಚ್ಚೇನು ಬೇಕು?

ಬನವಾಸಿಗೂ ಬುದ್ಧನ ಮಾತಿಗೂ ನಂಟು ಬಹಳ ಹಳೆಯದು. ಅಶೋಕನ ಕಾಲದಲ್ಲಿ ರಕ್ಖಿತ ಎಂಬ ಥೇರನನ್ನು, ಎಂದರೆ ಹಿರಿಯ ಭಿಕ್ಷುವನ್ನು, ವನವಾಸ ಎಂದು ಕರೆಯುತ್ತಿದ್ದ ಬನವಾಸಿಯ ನಾಡಿಗೆ ಕಳಿಸಿದರೆಂದು ಸಿಂಹಳದ ಮಹಾವಂಸ ಹೇಳುತ್ತದೆ. ಮೂರನೆಯ ಶತಮಾನದಲ್ಲಿ ಆಂಧ್ರದ ಇಕ್ಷ್ವಾಕು ಅರಸ ವೀರಪುರುಷದತ್ತನ ಮಗಳು ಕೊಡಬಲಿಸಿರಿ ವನವಾಸದ ಮಹಾರಾಜನ ರಾಣಿಯಾದಳು. ಆಕೆ ತನ್ನ ತವರಿನ ನಾಗಾರ್ಜುನಕೊಂಡದಲ್ಲಿ, ಕೃಷ್ಣೆಯ ದಂಡೆಯ ಮೇಲೆ, ಭಿಕ್ಷುಗಳಿಗಾಗಿ ವಿಹಾರ ಕಟ್ಟಿಸಿದಳು. ಆ ಕಣಿವೆ ಈಗ ನಾಗಾರ್ಜುನಸಾಗರದ ನೀರಿನಡಿ ಇದೆ. ಅಲ್ಲಿನ ಅವಶೇಷಗಳನ್ನು ಎತ್ತಿ ನಡುಗಡ್ಡೆಯ ಮೇಲೆ ಜೋಡಿಸಿಟ್ಟಿದ್ದಾರೆ. ಐಹೊಳೆಯ ಗುಡ್ಡದ ಕೆಳಗೆ ಹರಿದ ಮಲಪ್ರಭೆಯ ನೀರು ಕೃಷ್ಣೆಯೊಡನೆ ಕೂಡಿ ಆ ನಡುಗಡ್ಡೆಯನ್ನೂ ಸುತ್ತುತ್ತದೆ.

ಚೀನಾದ ಯಾತ್ರಿಕ ಹ್ಯುಯೆನ್‌ತ್ಸಾಂಗ್ ಪುಲಕೇಶಿಯ ನಾಡಿಗೆ ಬಂದಾಗ ಅಲ್ಲಿ 100ಕ್ಕೂ ಹೆಚ್ಚು ವಿಹಾರಗಳು, 5000ದಷ್ಟು ಭಿಕ್ಷುಗಳು ಇದ್ದರೆಂದು ಬರೆದಿಟ್ಟಿದ್ದಾನೆ. ಆಮೇಲಿನ ಶತಮಾನಗಳಲ್ಲಿ ಆ ಸಂಖ್ಯೆ ಕರಗುತ್ತ ಬಂತು. ಆದರೂ 1095ರ ಹೊತ್ತಿಗೆ, ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ, ಗದಗ ಸೀಮೆಯ ಡಂಬಳದಲ್ಲಿ 16 ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರವಿತ್ತು. ಅಲ್ಲಿ ತಾರಾದೇವಿಯ ಪೂಜೆ ನಡೆಯುತ್ತಿತ್ತು. ಅಲ್ಲಿಯ ಶಾಸನ ಆಕೆಯನ್ನು ನೆನೆಯುವುದು ಭಯಗಳಿಂದ ಕಾಯುವವಳೆಂದು. ಸಿಂಹ, ಆನೆ, ಬೆಂಕಿ, ಹಾವು, ಕಳ್ಳರು, ಸೆರೆ, ನೀರು, ಪಿಶಾಚಿ ಎಂಬ ಎಂಟು ಭಯಗಳವು. ಕಾಡು ದಾರಿಯಲ್ಲಿ ಸರಕು ಸಾಗಿಸುವ ವರ್ತಕರಿಗೆ ನಿತ್ಯವೂ ಎದುರಾಗುತ್ತಿದ್ದ ಭಯಗಳೇ. ತಮ್ಮ ಭಯ ಬಲ್ಲವರು ಬೇರೆಯವರಿಗೆ ಆಸರೆ ಕಟ್ಟಿದರು. ಇಂದು ಡಂಬಳದಲ್ಲಿ ಆ ವಿಹಾರವಿಲ್ಲ. ಕನ್ನಡ ನಾಡಿನಲ್ಲಿ ತಾರೆಯ ಹೆಸರು ಹಿಡಿದು ಕರೆಯುವ ದನಿಯೇ ಒಂದು ಕಾಲಕ್ಕೆ ನಿಂತುಹೋಯಿತು.

ಆ ದನಿ ಮತ್ತೆ ಕೇಳಿಸಿದ್ದು ನಮ್ಮ ಮಗ್ಗುಲಲ್ಲೇ.

1959ರಲ್ಲಿ ಟಿಬೆಟ್ ಬಿಟ್ಟು ಬಂದವರಲ್ಲಿ ದ್ರೇಪುಂಗ್, ಗಾಂದೆನ್, ಸೇರಾ ಎಂಬ ಮಹಾವಿಹಾರಗಳ ಭಿಕ್ಷುಗಳೂ ಇದ್ದರು. ಗಾಂದೆನ್ 1409ರಲ್ಲಿ, ದ್ರೇಪುಂಗ್ 1416ರಲ್ಲಿ ಲ್ಹಾಸಾದ ಬಳಿ ಹುಟ್ಟಿದ ವಿದ್ಯಾಕೇಂದ್ರಗಳು. ಅಲ್ಲಿ ಓದಿದವರಲ್ಲಿ ಉಳಿದು ಬಂದ ಎಷ್ಟೋ ಮಂದಿ ಬಂಗಾಳದ ಬಕ್ಸಾ ಎಂಬಲ್ಲಿ, ಬ್ರಿಟಿಷರ ಕಾಲದ ಹಳೆಯ ಸೆರೆಮನೆ ಶಿಬಿರದಲ್ಲಿ ವರ್ಷಗಟ್ಟಲೆ ಇದ್ದರು. ಸೆಖೆ, ತೇವ, ಕ್ಷಯರೋಗ. ಹಲವರು ಅಲ್ಲೇ ತೀರಿಕೊಂಡರು. ಉಳಿದವರು ಪುಸ್ತಕ ಮಡಚಲಿಲ್ಲ. ಇತ್ತ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಟಿಬೆಟನ್ನರಿಗೆ ಮೊದಲು ಜಾಗ ಕೊಟ್ಟಿತ್ತು. 1966ರಲ್ಲಿ ಮುಂಡಗೋಡದ ಕಾಡಂಚಿನಲ್ಲಿ ಸುಮಾರು 4000 ಎಕರೆ ನೆಲ ಬಿಟ್ಟುಕೊಟ್ಟಿತು. ಕೆಲವು ವರ್ಷಗಳಲ್ಲಿ ಬಕ್ಸಾದ ಭಿಕ್ಷುಗಳು ಇಲ್ಲಿಗೆ ಬಂದರು. ಗುಡಾರ ಹಾಕಿಕೊಂಡು, ಪೊದೆ ಕಡಿದು, ಗೋವಿನಜೋಳ ಬಿತ್ತಿದರು. ಹಿಮದ ನಾಡಿನಲ್ಲಿ ಹುಟ್ಟಿ ಬೆಳೆದವರು ಘಟ್ಟದಂಚಿನ ಮಳೆಗೆ, ಬೇಸಿಗೆಗೆ, ಸೊಳ್ಳೆಗೆ ಮೈ ಒಡ್ಡಿದರು. ಹಗಲು ಹೊಲ, ರಾತ್ರಿ ಪಾಠ. ದ್ರೇಪುಂಗ್ ಮತ್ತು ಗಾಂದೆನ್ ಎರಡೂ ಹೀಗೆ ಎರಡನೆಯ ಸಲ ಹುಟ್ಟಿದ್ದು ಮುಂಡಗೋಡದಲ್ಲಿ.

ಇಂದು ನಮ್ಮ ಕಡೆಯವರು ಲಾಮಾ ಕ್ಯಾಂಪ್ ಎನ್ನುವ ಆ ಊರುಗಳಿಗೆ ಹೋದರೆ ಬೆಳಗಿನ ಪ್ರಾರ್ಥನೆಯ ಗಂಟಲ ದನಿ ಹೊಲದವರೆಗೆ ಬರುತ್ತದೆ. ಸಂಜೆಯ ಹೊತ್ತು ವಾದದ ಅಂಗಳ ತುಂಬಿರುತ್ತದೆ. ಉತ್ತರ ಹೇಳುವವನು ನೆಲದ ಮೇಲೆ ಕೂತಿರುತ್ತಾನೆ. ಪ್ರಶ್ನೆ ಹಾಕುವವನು ನಿಂತಿರುತ್ತಾನೆ. ಅವನು ಒಂದು ಕಾಲೆತ್ತಿ ನೆಲಕ್ಕೆ ತಟ್ಟಿ, ಒಂದು ಕೈಯನ್ನು ಇನ್ನೊಂದರ ಮೇಲೆ ಚಟ್ಟನೆ ಹೊಡೆದು ಪ್ರಶ್ನೆಯನ್ನು ಎದುರಿಗೆ ಇಡುತ್ತಾನೆ. ಹತ್ತಾರು ಜೋಡಿಗಳು ಒಟ್ಟಿಗೆ ಹೀಗೆ ವಾದಕ್ಕಿಳಿದಾಗ ಅಂಗಳದಲ್ಲಿ ಮಾತಿನ ಮಳೆಯೇ ಸುರಿಯುತ್ತದೆ. ನಂಬಿದ್ದನ್ನು ಪ್ರಶ್ನೆಗೆ ಒಡ್ಡದೆ ನಂಬಬಾರದು ಎಂಬ ಶಿಸ್ತು ಅದು. ತಾರೆಯ ಸ್ತುತಿ ಅಲ್ಲಿ ನಿತ್ಯದ್ದು. ಡಂಬಳದ ಸೆಟ್ಟಿಗಳು ಅಂಜಿದ ಆ ಎಂಟು ಭಯಗಳ ಹೆಸರು ಆ ಸ್ತುತಿಯ ಪರಂಪರೆಯಲ್ಲೂ ಇವೆ. ಮಳೆಗಾಲದಲ್ಲಿ ಭಿಕ್ಷುಗಳು ‘ಯಾರ್ನೆ’ ಎಂಬ ವ್ರತ ಹಿಡಿದು ವಿಹಾರದ ಎಲ್ಲೆ ದಾಟದೆ ನಿಲ್ಲುತ್ತಾರೆ. ಅದು ಬುದ್ಧನು ಹುಲ್ಲಿನ ಮೇಲೆ, ಹುಳುವಿನ ಮೇಲೆ ದಯೆಯಿಟ್ಟು ಮಾಡಿದ ಆ ವರ್ಷಾವಾಸವೇ. ಐಹೊಳೆಯ ಗುಡ್ಡದಲ್ಲಿ ನಿಂತುಹೋದ ವ್ರತ ಚಿಗಳ್ಳಿಗೆ ದೂರವಲ್ಲದ ನೆಲದಲ್ಲಿ ನಡೆಯುತ್ತಿದೆ, ನಮ್ಮ ಗದ್ದೆಯ ಮೇಲೆ ಸುರಿಯುವ ಅದೇ ಮಳೆಯಲ್ಲಿ.

ಈ ಸೀಮೆಯ ಮಣ್ಣಿಗೆ ಆಸರೆ ಕೊಡುವುದು ಹೊಸ ಕೆಲಸವಲ್ಲ. ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟು, ಗೋವೆಯ ಕಡೆಯಿಂದ ತಪ್ಪಿಸಿಕೊಂಡು ಬಂದವರ ಮಕ್ಕಳು ಮೊಮ್ಮಕ್ಕಳಾದ ಸಿದ್ದಿಗಳು ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾದ ಕಾಡಿನಲ್ಲಿ ನೆಲೆ ಕಂಡರು. ಎಮ್ಮೆ ದನ ಹೊಡೆದುಕೊಂಡು ಬಂದ ಗೌಳಿಗರೂ ಇಲ್ಲೇ ದೊಡ್ಡಿ ಹಾಕಿದರು. ಕಾಳಿ ನದಿಗೆ ಸೂಪಾದಲ್ಲಿ ಅಣೆಕಟ್ಟು ಎದ್ದಾಗ ಮುಳುಗಿದ ಊರುಗಳ ಜನ ರಾಮನಗರಕ್ಕೆ ಬಂದು ಮೊದಲಿನಿಂದ ಬದುಕು ಕಟ್ಟಿಕೊಂಡರು. ನೆಲೆ ಕಳೆದುಕೊಂಡ ನೋವು ಏನೆಂದು ಇಲ್ಲಿ ಪ್ರತಿ ಹತ್ತು ಮೈಲಿಗೆ ಒಬ್ಬರು ಹೇಳಬಲ್ಲರು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನುಗ್ಗಿದಾಗ ದಂಡೆಯ ಊರಿನವರು ಮನೆ ಬಿಟ್ಟು ಎತ್ತರದ ಜಾಗ ಹುಡುಕಿ ಹೊರಟರು. ನದಿ ಒಬ್ಬರನ್ನು ಸಾಕುತ್ತದೆ, ಅದೇ ನದಿ ಇನ್ನೊಂದು ದಿನ ಹೊರಗೆ ಹಾಕುತ್ತದೆ. ಇವತ್ತು ಸೂರಿನ ಕೆಳಗಿರುವವರು ನಾಳೆ ಸೂರು ಕೇಳುವವರಾಗಬಹುದು. ಇದನ್ನು ಅರಿತವರ ಕೈ ಕೊಡುವಾಗ ಹಿಂಜರಿಯುವುದಿಲ್ಲ.

ಐಹೊಳೆಯ ಮೊಗಸಾಲೆಯಲ್ಲಿ ಕೂತಾಗ ಕಣ್ಣಿಗೆ ಬಿದ್ದ ಇನ್ನೊಂದು ಸಂಗತಿಯಿದೆ. ಒಳಗೋಡೆಯನ್ನು ಬೆರಳಿನಿಂದ ಸವರಿದರೆ ಬಂಡೆಯ ಒರಟು ಕೈಗೆ ತಾಗುತ್ತದೆ. ಮನೆ ಕಟ್ಟುವವನು ಕಲ್ಲಿನ ಮೇಲೆ ಕಲ್ಲು ಇಡುತ್ತ ಹೋಗುತ್ತಾನೆ, ಅವನ ಕೆಲಸ ಕೂಡಿಸುವುದು. ಗುಹೆ ಕೊರೆಯುವವನ ಕೆಲಸ ತೆಗೆಯುವುದು. ಒಂದೊಂದು ಪೆಟ್ಟಿಗೆ ಒಂದೊಂದು ಚಕ್ಕೆ. ಬಂಡೆ ತನ್ನಲ್ಲಿದ್ದುದನ್ನು ಬಿಟ್ಟುಕೊಟ್ಟಷ್ಟೇ ಒಳಗೆ ಜಾಗ ಹುಟ್ಟುತ್ತದೆ, ಒಂದು ಅಂಗುಲವೂ ಹೆಚ್ಚಿಲ್ಲ. ಹಾಗೆ ಬಿಟ್ಟುಕೊಟ್ಟ ಬಂಡೆ ಕುಸಿದಿಲ್ಲ. ಸಾವಿರದ ನಾಲ್ಕುನೂರು ವರ್ಷ ಗುಡ್ಡದ ಭಾರ ಹೊತ್ತು ನಿಂತಿದೆ.

ಇನ್ನೊಬ್ಬರಿಗೆ ಜಾಗ ಕೊಡುವುದೆಂದರೆ ಅದೇ ಕೆಲಸ. ನಮ್ಮಲ್ಲಿ ಮಿಕ್ಕಿದ್ದನ್ನು ಕೊಟ್ಟರೆ ಅದು ದಾನವಾದೀತು, ಜಾಗ ಕೊಟ್ಟಂತಾಗುವುದಿಲ್ಲ. ಜಾಗ ಕೊಡಬೇಕಾದರೆ ನಮ್ಮೊಳಗಿನಿಂದ ಏನನ್ನಾದರೂ ತೆಗೆಯಬೇಕು. ಹೊತ್ತಿನಲ್ಲಿ ಸ್ವಲ್ಪ, ಅಭಿಪ್ರಾಯದಲ್ಲಿ ಸ್ವಲ್ಪ, ಇದು ನಮ್ಮದು ಎಂಬ ಬಿಗಿಯಲ್ಲಿ ಸ್ವಲ್ಪ. ಮನೆಯಲ್ಲಿ ವಯಸ್ಸಾದವರು ಹೇಳಿದ್ದನ್ನೇ ಹೇಳುವಾಗ ಕೇಳುವ ಹೊತ್ತು ನಮ್ಮಲ್ಲಿ ಇರುವುದಿಲ್ಲ. ಅದನ್ನು ಬೇರೆ ಕೆಲಸದಿಂದ ಕಿತ್ತು ತೆಗೆಯಬೇಕು. ಮಕ್ಕಳು ನಮಗೆ ಹಿಡಿಸದ ದಾರಿ ಹಿಡಿದಾಗ ಅವರಿಗೆ ಮನೆಯಲ್ಲಿ ಜಾಗ ಉಳಿಯಬೇಕಾದರೆ ನಮ್ಮ ಹಟದ ಒಂದು ಚಕ್ಕೆ ಬೀಳಬೇಕು. ಬೆಳಗಿನ ಧ್ಯಾನವೆಂದು ಕಣ್ಣು ಮುಚ್ಚಿ ಕೂರುವವರು ಮಾಡುವುದು ಕೂಡ ಇದನ್ನೇ. ನಿನ್ನೆಯ ಸಿಟ್ಟನ್ನು, ನಾಳೆಯ ಅಂಜಿಕೆಯನ್ನು ಒಂದೊಂದಾಗಿ ಹೊರಗಿಟ್ಟು ಒಳಗೆ ಒಬ್ಬರು ಕೂರುವಷ್ಟು ಜಾಗ ಮಾಡಿಕೊಳ್ಳುವುದು. ಆ ಜಾಗ ತಮಗೇ ಎಂದುಕೊಂಡರೆ ಧ್ಯಾನ ಅರ್ಧಕ್ಕೇ ನಿಂತಿತು. ದಿನವಿಡೀ ಎದುರಾಗುವವರಿಗೆ ಆ ಜಾಗವನ್ನು ತೆರೆದಿಟ್ಟರೆ ಅದು ಪೂರ್ತಿಯಾಯಿತು.

ಬನವಾಸಿಯ ರಾಜಕುಮಾರಿ ಕೆರೆ ಕಟ್ಟಿಸಿದಂತೆ, ಭೂತಪಾಲ ಗುಹೆ ಮುಗಿಸಿದಂತೆ ದೊಡ್ಡ ಕೆಲಸ ನಮ್ಮೆಲ್ಲರ ಕೈಯಲ್ಲಾಗದು. ಆದರೆ ಕಾರ್ಲೆಯಲ್ಲಿ ಒಂದೇ ಕಂಬ ಕೊಟ್ಟವರೂ ಇದ್ದಾರೆ. ಬಾಗಿಲಿಗೆ ಕೈ ಹಚ್ಚಿದ ಬಡಗಿಯೂ ಇದ್ದಾನೆ. ಅವರವರ ಪಾಲಿನ ಕಂಬ ಅವರವರ ಎದುರಿಗೇ ಇರುತ್ತದೆ. ನಮ್ಮ ಪಟ್ಟಣಗಳಲ್ಲಿ, ಈಗೀಗ ನಮ್ಮ ಹಳ್ಳಿಗಳಲ್ಲೂ, ಬಾಡಿಗೆಗೆ ಮನೆ ಕೇಳಿಕೊಂಡು ಬಂದವರು ಬಾಗಿಲಲ್ಲಿ ನಿಂತಾಗ ಕೇಳಿಬರುವ ಮೊದಲ ಪ್ರಶ್ನೆ, ನೀವು ಯಾವ ಪೈಕಿ ಎಂಬುದು. ಕೆಲಸ ಸಿಕ್ಕ ಹುಡುಗ, ಓದಲು ಬಂದ ಹುಡುಗಿ, ವರ್ಗವಾಗಿ ಬಂದ ಸಂಸಾರ ಆ ಪ್ರಶ್ನೆ ಕೇಳಿಯೇ ತಲೆ ತಗ್ಗಿಸಿ ಹಿಂದಿರುಗುತ್ತಾರೆ. ಪಂಥ ಯಾವುದು, ಕಡೆ ಯಾವುದು ಎಂದು ನೋಡದೆ ಮಳೆಗಾಲಕ್ಕೆ ಬಂದವರಿಗೆಲ್ಲ ಸಲ್ಲಲಿ ಎಂದು ಕಲ್ಲಿನಲ್ಲಿ ಬರೆಸಿ ಹೆಚ್ಚುಕಡಿಮೆ ಸಾವಿರದ ಒಂಬೈನೂರು ವರ್ಷವಾಯಿತು. ಬೇರೆ ಭಾಷೆಯ, ಬೇರೆ ದೇವರ, ಬೇರೆ ಊಟದ ಸಾವಿರಾರು ಮಂದಿಗೆ ನೆಲ ಕೊಟ್ಟ ಸೀಮೆ ನಮ್ಮದು. ಆ ಸೀಮೆಯವರಿಗೆ ಒಂದು ಕೋಣೆ ಕೊಡುವಾಗ ಆ ಪ್ರಶ್ನೆ ಒಪ್ಪುವುದಿಲ್ಲ. ಇನ್ನು ಮುಂದೆ ನಮ್ಮ ಬಾಗಿಲಿಗೆ ಯಾರಾದರೂ ಬಂದರೆ ಎಷ್ಟು ಜನ ಇದ್ದೀರಿ, ಈ ಜಾಗ ನಿಮಗೆ ಸಾಲುತ್ತದೆಯೇ ಎಂದು ಕೇಳೋಣ. ಸಾಲದಿದ್ದರೆ ಸಾಲುವಂತೆ ಮಾಡಿಕೊಡೋಣ.